ಒಂದೇ ಗೂಟಕ್ಕೆ ಕಟ್ಟಿದ ನೂರು ಮಹಡಿ: ಶಿಕಾಗೊದ ಹ್ಯಾನ್‌ಕಾಕ್ ಕಟ್ಟಡ, ಒಂದು ಪ್ರಕರಣ ಅಧ್ಯಯನ

ಮೊದಲಿದ್ದದ್ದು ಎರಡು ಕಟ್ಟಡಗಳ ಯೋಚನೆ. ಮನೆಗಳಿಗೆ 70 ಮಹಡಿಯದೊಂದು, ಆಫೀಸುಗಳಿಗೆ 45 ಮಹಡಿಯದೊಂದು, ಒಂದೇ ಸೈಟಿನಲ್ಲಿ ಅಕ್ಕಪಕ್ಕ. ಊರು ಶಿಕಾಗೊ, ರಸ್ತೆ ನಾರ್ತ್ ಮಿಷಿಗನ್ ಅವೆನ್ಯೂ, ಕಾಲ 1960ರ ದಶಕದ ನಡುಭಾಗ. ಪೂರ್ವಕ್ಕೆ ನಾಲ್ಕು ಹೆಜ್ಜೆ ಹೋದರೆ ಕಡಲಿನಂಥ ಮಿಷಿಗನ್ ಸರೋವರ. ಕಟ್ಟಿಸಲು ಮುಂದಾದವರು ಜೆರ್ರಿ ವೋಲ್ಮನ್ ಎಂಬ ಬಿಲ್ಡರ್. ಫಿಲಡೆಲ್ಫಿಯಾ ಈಗಲ್ಸ್ ಎಂಬ ಫುಟ್‌ಬಾಲ್ ತಂಡವೂ ಆಗ ಅವರದೇ. ಬೆನ್ನಿಗೆ ಜಾನ್ ಹ್ಯಾನ್‌ಕಾಕ್ ಜೀವವಿಮಾ ಕಂಪನಿಯ ದುಡ್ಡು. ವಿನ್ಯಾಸದ ಹೊಣೆ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯದು. ಆ ಸಂಸ್ಥೆಯಲ್ಲಿ ಕಟ್ಟಡದ ರೂಪ ನೋಡಿಕೊಂಡವರು ಬ್ರೂಸ್ ಗ್ರಹಾಂ, ಅದು ನಿಲ್ಲುವಂತೆ ನೋಡಿಕೊಂಡವರು ಢಾಕಾದಲ್ಲಿ ಹುಟ್ಟಿದ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್.

ಎರಡು ಗೋಪುರಗಳನ್ನು ನಕ್ಷೆಯಲ್ಲಿ ಕೂರಿಸಿ ನೋಡಿದಾಗ ತೊಂದರೆ ಗೊತ್ತಾಯಿತು. ಎರಡೂ ಸೇರಿ ಸೈಟನ್ನು ತುಂಬಿಬಿಡುತ್ತಿದ್ದವು. ಮನೆಯಲ್ಲಿದ್ದವರು ಪರದೆ ಸರಿಸಿದರೆ ಸರೋವರದ ಬದಲು ಎದುರಿನ ಆಫೀಸಿನ ಮೇಜು ಕಾಣಬೇಕು. ಆಫೀಸಿನವರಿಗೆ ಇವರ ಅಡುಗೆಮನೆ ಕಾಣಬೇಕು. ಹಾಗಾಗಿ ಆಫೀಸಿನ ಮೇಲೆ ಮನೆಗಳನ್ನು ಹೊರಿಸಿ ನೂರು ಮಹಡಿಯ ಒಂದೇ ಕಟ್ಟಡ ಮಾಡುವ ತೀರ್ಮಾನವಾಯಿತು. ಕೆಳಗೆ ಅಂಗಡಿಗಳು, ಅವುಗಳ ಮೇಲೆ ಕಾರುಗಳು, ಆಮೇಲೆ ಆಫೀಸುಗಳು, ಅದರ ಮೇಲೆ ಮನೆಗಳು, ತುದಿಯಲ್ಲಿ ವೀಕ್ಷಣಾಲಯ, ರೆಸ್ಟೊರೆಂಟ್, ಟಿವಿ ಆಂಟೆನಾ. ಚಾವಣಿಯವರೆಗೆ 344 ಮೀಟರ್, ಆಂಟೆನಾದ ತುದಿಗೆ 457. ಕೆಲಸ ಶುರುವಾದದ್ದು 1965ರಲ್ಲಿ, ಉಕ್ಕಿನ ಚೌಕಟ್ಟು ತುದಿ ಮುಟ್ಟಿದ್ದು 1968ರ ಮೇ ತಿಂಗಳಲ್ಲಿ, ಜನ ಬಂದು ಸೇರಿದ್ದು 1969ರ ಹೊತ್ತಿಗೆ.

ಮಿಶ್ರ ಬಳಕೆಯ ಗಗನಚುಂಬಿ ಎಂದಾಗ ಈಗಲೂ ಪಾಠಗಳಲ್ಲಿ ಮೊದಲು ಬರುವ ಹೆಸರು ಇದು. ಆದರೆ ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದು ಹೊರಮೈ ಮೇಲೆ ಎಕ್ಸ್ ಆಕಾರದಲ್ಲಿ ಓರೆಯಾಗಿ ಹಾದ ಆ ದೊಡ್ಡ ಉಕ್ಕಿನ ಪಟ್ಟಿಗಳ ಕಥೆ ಮಾತ್ರ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎರಡರ ಬದಲು ಒಂದು ಎಂಬ ಆ ಮೊದಲ ತೀರ್ಮಾನ. ಬಿಡಿಬಿಡಿಯಾಗಿ ಇರಬಹುದಾಗಿದ್ದ ಎಲ್ಲವನ್ನೂ ಆ ದಿನ ಒಂದೇ ಗೂಟಕ್ಕೆ ಕಟ್ಟಿದರು. ಮುಂದೆ ಆದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೇರು ಅಲ್ಲೇ ಇದೆ.

ಬೆಳಕು ಎಷ್ಟು ಒಳಗೆ ಬರಬೇಕು?

ಆಫೀಸಿಗೂ ಮನೆಗೂ ಇರುವ ಜಗಳ ಕಿಟಕಿಯಿಂದ ಶುರು. ಆಫೀಸಿನಲ್ಲಿ ಕಿಟಕಿಯಿಂದ ಹದಿನೈದು ಮೀಟರ್ ಒಳಗೆ ಕೂತವರಿಗೂ ಟ್ಯೂಬ್‌ಲೈಟ್ ಹಾಕಿ ಕೆಲಸ ಮಾಡಿಸಬಹುದು. ಬಾಡಿಗೆಗೆ ಬರುವ ಕಂಪನಿಗೂ ಅಗಲವಾದ, ಒಡೆಯದ ಹಾಲ್ ಬೇಕು. ಮನೆಯಲ್ಲಿ ಅದು ನಡೆಯುವುದಿಲ್ಲ. ಮಲಗುವ ಕೋಣೆಗೆ ಕಿಟಕಿ ಬೇಕು, ಹಜಾರಕ್ಕೆ ಬೇಕು. ಬಚ್ಚಲು, ಕಪಾಟು, ಅಡುಗೆಮನೆಗಳನ್ನು ಎಷ್ಟೇ ಒಳಗೆ ತಳ್ಳಿದರೂ ಕಿಟಕಿಯಿಂದ ಹತ್ತು ಮೀಟರ್ ದಾಟಿದರೆ ಉಳಿಯುವುದು ಕತ್ತಲೆಯ ಉಗ್ರಾಣ. ಅದಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ.

ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಪೆಟ್ಟಿಗೆ ಕಟ್ಟಿದರೆ ಯಾರಾದರೂ ಒಬ್ಬರು ಸೋಲಲೇಬೇಕು. ಗ್ರಹಾಂ ಮತ್ತು ಖಾನ್ ಕಂಡುಕೊಂಡ ದಾರಿ ಸರಳ: ಕಟ್ಟಡ ಮೇಲೆ ಹೋಗುತ್ತಾ ಸಣ್ಣಗಾಗಲಿ. ಬುಡದಲ್ಲಿ ಸುಮಾರು 81 ಮೀಟರಿಗೆ 50 ಮೀಟರ್. ತುದಿಯಲ್ಲಿ 49ಕ್ಕೆ 30. ಅಗಲವಿದ್ದ ಕಡೆ ಅಂಗಡಿ, ಪಾರ್ಕಿಂಗ್, ಆಫೀಸು. ಸಪೂರವಾದ ಕಡೆ ಮನೆ. ಹೇಗೂ ಮೇಲೆ ಹೋಗುತ್ತಾ ಲಿಫ್ಟುಗಳ ಸಂಖ್ಯೆ ಕಡಿಮೆಯಾಗಿ ನಡುವಿನ ಕತ್ತಲೆಯ ಜಾಗವೂ ಕುಗ್ಗುತ್ತದೆ, ಹೊರಗೋಡೆಯೂ ಅದರೊಂದಿಗೆ ಒಳಗೆ ಬರುತ್ತದೆ. ತುದಿಯ ಹತ್ತಿರ ಓಣಿ, ಮೆಟ್ಟಿಲು, ಲಿಫ್ಟುಗಳನ್ನು ಕಳೆದರೆ ಪ್ರತಿ ಬದಿಗೆ ಉಳಿಯುವ ಆಳ ಒಂದು ಮನೆಗೆ ಒಪ್ಪುವಷ್ಟು.

ಈ ಇಳಿಜಾರು ನೋಟಕ್ಕೆಂದು ಬಂದದ್ದಲ್ಲ, ಬಳಕೆಯ ಲೆಕ್ಕದಿಂದ ಬಂದದ್ದು. ಆದರೆ ಬಂದ ಮೇಲೆ ಇನ್ನೊಂದು ಲಾಭವನ್ನೂ ಹೊತ್ತು ತಂದಿತು. ಎತ್ತರದ ಕಟ್ಟಡವನ್ನು ಬಗ್ಗಿಸುವುದು ಗಾಳಿ. ಮೇಲೆ ಬೀಸುವ ಗಾಳಿಗೆ ವೇಗವೂ ಹೆಚ್ಚು, ಬುಡವನ್ನು ಬಗ್ಗಿಸಲು ಸಿಗುವ ಸನ್ನೆಯ ಉದ್ದವೂ ಹೆಚ್ಚು. ಅಲ್ಲಿಯೇ ಕಟ್ಟಡದ ಮೈ ಸಣ್ಣದಾದರೆ ಗಾಳಿಗೆ ಹಿಡಿಯಲು ಸಿಗುವುದು ಕಡಿಮೆ. ಜೊತೆಗೆ, ಒಂದೇ ಅಗಲದ ಗೋಪುರದ ಎರಡೂ ಬದಿಯಿಂದ ಗಾಳಿಯ ಸುಳಿಗಳು ಒಂದೇ ತಾಳದಲ್ಲಿ ಕಳಚಿಕೊಂಡು ಅದನ್ನು ಅಡ್ಡಡ್ಡ ತೂಗುತ್ತವೆ. ಅಗಲ ಮಹಡಿಯಿಂದ ಮಹಡಿಗೆ ಬದಲಾದರೆ ಆ ತಾಳ ತಪ್ಪುತ್ತದೆ. 1960ರ ದಶಕದಲ್ಲಿ ಇದರ ಲೆಕ್ಕ ಈಗಿನಷ್ಟು ನಿಖರವಾಗಿ ಯಾರ ಕೈಯಲ್ಲೂ ಇರಲಿಲ್ಲ, ಆದರೂ ಲಾಭ ಮಾತ್ರ ಪೂರ್ತಿ ಸಿಕ್ಕಿತು.

ಎಕ್ಸ್ ಬಂದ ದಾರಿ

ಗೋಡೆಯಿಂದ ಹೊರಗೆ ಚಾಚಿದ ಒಂದು ಕೋಲು ಅಂದುಕೊಳ್ಳಿ. ಅದರ ಉದ್ದ ಎರಡರಷ್ಟಾದರೆ, ಉದ್ದಕ್ಕೂ ಒಂದೇ ಸಮನೆ ತಳ್ಳುವ ಗಾಳಿಗೆ ಬುಡದ ಮೇಲಿನ ಬಗ್ಗಿಸುವ ಬಲ ನಾಲ್ಕು ಪಟ್ಟು, ತುದಿ ಬಾಗುವುದು ಹದಿನಾರು ಪಟ್ಟು. ಐವತ್ತು ಮಹಡಿಗೆ ಒಗ್ಗಿದ ಕಾಲಂ–ಬೀಮ್ ಚೌಕಟ್ಟನ್ನೇ ನೂರು ಮಹಡಿಗೆ ಎಳೆದರೆ ಏನಾಗುತ್ತದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ. ಉಕ್ಕು ಸುರಿಯುತ್ತಾ ಹೋಗಬೇಕು. ಭಾರ ಹೊರಲು ಬೇಕಾದ ಉಕ್ಕು ಒಂದು ಪಾಲಾದರೆ ಗಾಳಿಗೆಂದೇ ಬೇಕಾದ್ದು ಅದಕ್ಕಿಂತ ಎಷ್ಟೋ ವೇಗದಲ್ಲಿ ಬೆಳೆಯುತ್ತದೆ. ಎತ್ತರಕ್ಕೆ ಕಟ್ಟುವವನು ತೆರುವ ಈ ದಂಡವನ್ನು ಇಳಿಸುವುದೇ ಖಾನ್ ಅವರ ಆ ವರ್ಷಗಳ ಹಟ.

ಅವರ ಮೊದಲ ಉತ್ತರ ಕೊಳವೆ. ಬಿದಿರನ್ನು ನೋಡಿ, ಗಟ್ಟಿಯೆಲ್ಲಾ ಹೊರಮೈಯಲ್ಲಿ, ಒಳಗೆ ಟೊಳ್ಳು. ಕಟ್ಟಡದ ಶಕ್ತಿಯನ್ನೂ ಹೊರಗೋಡೆಗೆ ಒಯ್ದರೆ ಅಷ್ಟೇ ಉಕ್ಕಿಗೆ ಎಷ್ಟೋ ಪಟ್ಟು ಬಿಗಿ ಸಿಗುತ್ತದೆ. ಹ್ಯಾನ್‌ಕಾಕ್ ಸೈಟಿಗೆ ಸಮೀಪದಲ್ಲೇ ಅದೇ ವರ್ಷಗಳಲ್ಲಿ ಎದ್ದ 43 ಮಹಡಿಯ ಡೆವಿಟ್–ಚೆಸ್ಟ್‌ನಟ್ ಅಪಾರ್ಟ್‌ಮೆಂಟಿನಲ್ಲಿ ಅವರು ಇದನ್ನು ಕಾಂಕ್ರೀಟಿನಲ್ಲಿ ಮಾಡಿ ತೋರಿಸಿದ್ದರು. ಅಲ್ಲಿ ಹೊರಗಿನ ಕಾಲಂಗಳ ನಡುವಿನ ಅಂತರ 1.68 ಮೀಟರ್ ಅಷ್ಟೇ. ಒತ್ತೊತ್ತಾಗಿ ನಿಂತ ಕಾಲಂಗಳು, ಅವನ್ನು ಹೊಲಿದ ಬೀಮುಗಳು, ನಡುವೆ ಕಿಟಕಿಗೆಂದು ಬಿಟ್ಟ ತೂತುಗಳು.

ನೂರು ಮಹಡಿಗೆ ಇದು ಸಾಲದು. ಗಾಳಿ ಒಂದು ಮುಖಕ್ಕೆ ಬಡಿದಾಗ ಆ ಮುಖದ ಕಾಲಂಗಳೆಲ್ಲ ಸಮನಾಗಿ ಎಳೆಸಿಕೊಳ್ಳಬೇಕು, ಹಿಂದಿನ ಮುಖದವು ಸಮನಾಗಿ ಒತ್ತಿಸಿಕೊಳ್ಳಬೇಕು. ಆದರೆ ಬಲ ಮೂಲೆಯಿಂದ ನಡುವಿನ ಕಾಲಂಗೆ ಹೋಗಬೇಕಾದ್ದು ಬೀಮುಗಳ ಮೂಲಕ, ಬೀಮುಗಳೋ ಬಾಗುತ್ತವೆ. ಬಾಗಿದಷ್ಟೂ ಬಲ ದಾರಿಯಲ್ಲೇ ಸೋರುತ್ತದೆ. ಮೂಲೆಯ ಕಾಲಂಗಳು ಬೆವರು ಸುರಿಸುತ್ತವೆ, ನಡುವಿನವು ಕೈಕಟ್ಟಿ ನೋಡುತ್ತವೆ. ಇಂಜಿನಿಯರ್‌ಗಳ ಭಾಷೆಯಲ್ಲಿ ಇದು ಷಿಯರ್ ಲ್ಯಾಗ್. ಕಾಲಂಗಳನ್ನು ಇನ್ನೂ ಒತ್ತಾಗಿಸಿ ಇದನ್ನು ತಗ್ಗಿಸಬಹುದು, ಆದರೆ ಆಗ ಸರೋವರ ನೋಡಲೆಂದು ದುಡ್ಡು ಕೊಟ್ಟವರಿಗೆ ಜೈಲಿನ ಸರಳು ಕಾಣಿಸುತ್ತದೆ. ಕೆಳಗೆ ಅಂಗಡಿಯ ಬಾಗಿಲಿಗೂ ಜಾಗ ಸಿಗುವುದಿಲ್ಲ.

ಉತ್ತರ ಅರ್ಧ ಸಿದ್ಧವಾಗಿಯೇ ಇತ್ತು. ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮೈರನ್ ಗೋಲ್ಡ್‌ಸ್ಮಿತ್ ಮತ್ತು ಖಾನ್ ಮಾರ್ಗದರ್ಶನದಲ್ಲಿ ಮಿಕಿಯೊ ಸಸಾಕಿ ಎಂಬ ವಿದ್ಯಾರ್ಥಿ 1964ರಲ್ಲಿ ಹೊರಮುಖಕ್ಕೆ ಓರೆಪಟ್ಟಿಗಳನ್ನು ಹೊಡೆದ ಎತ್ತರದ ಕಟ್ಟಡವೊಂದನ್ನು ಕಾಗದದ ಮೇಲೆ ಬಿಡಿಸಿದ್ದ. ದೊಡ್ಡ ಕಟ್ಟಡಗಳ ಹಿಂದೆ ಇಂಥ ಒಂದು ವಿದ್ಯಾರ್ಥಿ ಡ್ರಾಯಿಂಗ್ ಇರುವುದು ಅಪರೂಪವೇನಲ್ಲ, ಅದನ್ನು ನೆನೆಯುವುದು ಮಾತ್ರ ಅಪರೂಪ. ಓರೆಪಟ್ಟಿ ಬಾಗುವುದಿಲ್ಲ, ಉದ್ದುದ್ದಕ್ಕೆ ಒತ್ತಿಸಿಕೊಳ್ಳುತ್ತದೆ ಇಲ್ಲವೇ ಎಳೆಸಿಕೊಳ್ಳುತ್ತದೆ. ಅಲುಗಾಡುವ ಮೇಜಿನ ಕಾಲುಗಳಿಗೆ ಒಂದು ಓರೆ ರಿಪೀಸು ಹೊಡೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹ್ಯಾನ್‌ಕಾಕ್‌ನಲ್ಲಿ ಒಂದೊಂದು ಎಕ್ಸ್ ಸುಮಾರು 18 ಮಹಡಿ ಎತ್ತರದ್ದು. ನಾಲ್ಕು ಮುಖಗಳಲ್ಲೂ ಇವು ಒಂದರ ಮೇಲೊಂದು ಏರುತ್ತವೆ. ಕಾಲಂಗಳನ್ನು ದೂರ ದೂರ ಇಟ್ಟರೂ ನಾಲ್ಕೂ ಮುಖಗಳು ಸೇರಿ ಒಂದೇ ಕೊಳವೆಯಂತೆ ನಡೆದುಕೊಳ್ಳುತ್ತವೆ.

ಇಲ್ಲೊಂದು ಜ್ಯಾಮಿತಿಯ ತೊಡಕಿದೆ, ಫೋಟೊದಲ್ಲಿ ನೋಡಿದರೆ ಕಣ್ಣಿಗೆ ಬೀಳದಂಥದ್ದು. ಎರಡು ಪಕ್ಕದ ಮುಖಗಳ ಓರೆಪಟ್ಟಿಗಳು ಮೂಲೆಯ ಕಾಲಂನಲ್ಲಿ ಒಂದೇ ಮಟ್ಟದಲ್ಲಿ ಕೂಡಬೇಕು. ಕೂಡದಿದ್ದರೆ ಬಲ ಒಂದು ಮುಖದಿಂದ ಇನ್ನೊಂದಕ್ಕೆ ತಿರುಗುವಾಗ ಮೂಲೆಯ ಕಾಲಂ ಬಗ್ಗುತ್ತದೆ. ಆದರೆ ಒಂದು ಮುಖ 81 ಮೀಟರ್, ಇನ್ನೊಂದು 50. ಆದ್ದರಿಂದ ಅಗಲ ಮುಖದ ಎಕ್ಸ್ ಮಲಗಿದಂತಿದೆ, ಕಿರಿದು ಮುಖದ್ದು ನಿಂತಂತಿದೆ. ಸಾಲದ್ದಕ್ಕೆ ಕಟ್ಟಡ ಮೇಲೆ ಹೋಗುತ್ತಾ ಕುಗ್ಗುತ್ತದೆ, ಅಂದರೆ ಪಟ್ಟಿಯ ಲೆಕ್ಕವೂ ಮೇಲಕ್ಕೆ ಹೋದಂತೆ ಬದಲಾಗುತ್ತದೆ. ಆಫೀಸಿನ ಮಹಡಿಗಳು ಎತ್ತರ, ಮನೆಯ ಮಹಡಿಗಳು ಗಿಡ್ಡ. ಇಷ್ಟರ ನಡುವೆ ಎಕ್ಸ್‌ನ ತುದಿ ಯಾವುದಾದರೊಂದು ಮಹಡಿಯ ಸ್ಲ್ಯಾಬಿನ ಮಟ್ಟಕ್ಕೇ ಬಂದು ಕೂರಬೇಕು, ಏಕೆಂದರೆ ಪಟ್ಟಿಗಳು ಹೊರಕ್ಕೆ ತಳ್ಳುವ ಬಲವನ್ನು ಹಿಡಿದಿಡುವ ಅಡ್ಡಬೀಮು ಅಲ್ಲಿರುತ್ತದೆ. ಎಷ್ಟು ಮಹಡಿ ಆಫೀಸು, ಎಷ್ಟು ಮಹಡಿ ಮನೆ ಎಂಬ ವ್ಯಾಪಾರದ ಪ್ರಶ್ನೆಯೂ ಓರೆಪಟ್ಟಿಯ ಕೋನವೂ ಹೀಗೆ ಒಂದೇ ಕಾಗದಕ್ಕೆ ಬಂದವು. ಬಿಲ್ಡರ್ ಮನಸ್ಸು ಬದಲಾಯಿಸಿ ಎರಡು ಮಹಡಿ ಆಫೀಸನ್ನು ಮನೆ ಮಾಡಿದರೆ ಎಕ್ಸ್ ಜಾರುತ್ತದೆ.

ಪಟ್ಟಿಗಳು ಗಾಳಿಗೆಂದು ಬಂದರೂ ಭಾರದ ವಿಷಯದಲ್ಲೂ ಸುಮ್ಮನೆ ಕೂರಲಿಲ್ಲ. ಒಂದು ಕಾಲಂಗೆ ಹೆಚ್ಚು ಹೊರೆ ಬಿದ್ದರೆ ಓರೆಪಟ್ಟಿ ಅದನ್ನು ಪಕ್ಕದವಕ್ಕೆ ಹಂಚುತ್ತದೆ. ಹಾಗಾಗಿ ಒಂದೇ ಮುಖದ ಕಾಲಂಗಳ ಹೊರೆ ಸರಿಸುಮಾರು ಸಮನಾಗುತ್ತದೆ. ಮೇಲಿನ ಭಾರ ಪಟ್ಟಿಗಳನ್ನು ಸದಾ ಒತ್ತಿ ಹಿಡಿದಿರುವುದರಿಂದ ಗಾಳಿಯ ಎಳೆತವನ್ನು ಆ ಒತ್ತಡ ಬಹುಮಟ್ಟಿಗೆ ನುಂಗುತ್ತದೆ, ಜೋಡಣೆಗಳೂ ಅಷ್ಟರಮಟ್ಟಿಗೆ ಸುಲಭ. ಕಾಲಂ, ಪಟ್ಟಿ, ಬೀಮು ಕೂಡುವ ದಪ್ಪ ಗಂಟುಗಳನ್ನು ಕಾರ್ಖಾನೆಯಲ್ಲೇ ವೆಲ್ಡ್ ಮಾಡಿ, ವೆಲ್ಡಿಂಗಿನ ಬಿಗಿತ ಸಡಿಲಲೆಂದು ಮತ್ತೆ ಕಾಯಿಸಿ ಆರಿಸಿ, ಸೈಟಿಗೆ ತಂದು ಬೋಲ್ಟ್ ಹಾಕಿದರು. ಗಾಳಿ ಬೀಸುವ ಎತ್ತರದಲ್ಲಿ ನಿಂತು ವೆಲ್ಡ್ ಮಾಡುವ ಕೆಲಸ ಆದಷ್ಟು ತಪ್ಪಿತು.

ಕೊನೆಯ ಲೆಕ್ಕ: ಒಂದು ಚದರ ಮೀಟರ್ ಮಹಡಿಗೆ ಸುಮಾರು 145 ಕಿಲೊ ಉಕ್ಕು. 1931ರ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಇದು 206 ಕಿಲೊ. ಶೇಕಡ 30ರಷ್ಟು ಉಳಿತಾಯ ಎಂದು ಎಲ್ಲರೂ ಬರೆಯುತ್ತಾರೆ. ಹೋಲಿಕೆ ಅಷ್ಟೇನೂ ನ್ಯಾಯದ್ದಲ್ಲ. ಎಂಪೈರ್ ಸ್ಟೇಟ್ ಕಲ್ಲು, ಇಟ್ಟಿಗೆಗಳ ತೂಕವನ್ನೂ ಹೊತ್ತಿದೆ, ಅದರ ಉಕ್ಕೂ ಹಳೆಯ ಕಾಲದ್ದು. ಹಾಗೆಂದು ಹ್ಯಾನ್‌ಕಾಕ್‌ನ ಸಂಖ್ಯೆ ಚಿಕ್ಕದಾಗುವುದಿಲ್ಲ. ಇದಕ್ಕಿಂತ ಎಷ್ಟೋ ಗಿಡ್ಡ ಕಟ್ಟಡಗಳೂ ಆಗ ಅಷ್ಟೇ ಉಕ್ಕು ತಿನ್ನುತ್ತಿದ್ದವು.

ಕಿಟಕಿಗೆ ಅಡ್ಡ ಬರುವ ಪಟ್ಟಿಯ ಬಗ್ಗೆ ಭಯವಿತ್ತು. ಹಜಾರದ ಗಾಜಿನ ಮೇಲೆ ಕರಿಯ ಉಕ್ಕಿನ ತೊಲೆ ಓರೆಯಾಗಿ ಹಾದುಹೋದರೆ ಆ ಮನೆ ಯಾರು ತಗೊಳ್ಳುತ್ತಾರೆ? ಆದದ್ದು ಬೇರೆ. ಪಟ್ಟಿ ಇರುವ ಮನೆ ಎಂದರೆ ಹ್ಯಾನ್‌ಕಾಕ್‌ನ ಮನೆ ಎಂಬುದಕ್ಕೆ ಗುರುತಾಯಿತು, ಬೇಡಿಕೆ ಬಂತು. ವಾಸ್ತುಶಿಲ್ಪಿಗಳು ಇದನ್ನು ಮೊದಲೇ ಊಹಿಸಿದ್ದೆವು ಎಂಬಂತೆ ಆಮೇಲೆ ಮಾತಾಡುವುದುಂಟು, ಇರಲಿ.

ಮಲಗಿದವರಿಗೆ ತೂಗುವಿಕೆ

ಕಟ್ಟಡ ಬೀಳದಿದ್ದರೆ ಸಾಲದು, ಅದರೊಳಗಿನವರಿಗೆ ತಲೆ ಸುತ್ತಬಾರದು. ಎತ್ತರದ ಕಟ್ಟಡಗಳೆಲ್ಲ ಗಾಳಿಗೆ ತೂಗುತ್ತವೆ. ಎಷ್ಟು ದೂರ ತೂಗಿತು ಎಂಬುದು ಮನುಷ್ಯನ ಕಿವಿಯೊಳಗಿನ ತಕ್ಕಡಿಗೆ ತಿಳಿಯುವುದಿಲ್ಲ, ವೇಗ ಎಷ್ಟು ಬೇಗ ಬದಲಾಯಿತು ಎಂಬುದು ತಿಳಿಯುತ್ತದೆ. ಗುರುತ್ವದ ವೇಗೋತ್ಕರ್ಷದ ಸಾವಿರದಲ್ಲಿ ಐದರ ಆಸುಪಾಸಿಗೆ ಕೆಲವರಿಗೆ ಸುಳಿವು ಹತ್ತುತ್ತದೆ. ಈಗ ಉತ್ತರ ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಬರುವಂಥ ಗಾಳಿಗೆ ಮನೆಗಳಲ್ಲಿ ಸಾವಿರಕ್ಕೆ 10ರಿಂದ 15, ಆಫೀಸಿನಲ್ಲಿ 20ರಿಂದ 25ರವರೆಗೆ ಒಪ್ಪುವುದು ವಾಡಿಕೆ. ಆಫೀಸಿನವನು ಬಿರುಗಾಳಿಯ ದಿನ ಬೇಗ ಮನೆಗೆ ಹೊರಡಬಹುದು. ಮನೆಯಲ್ಲೇ ಇರುವವನು ಎಲ್ಲಿಗೆ ಹೋಗಬೇಕು? ಅದೂ ರಾತ್ರಿ ಸದ್ದಿಲ್ಲದಾಗ, ಮಲಗಿದ್ದಾಗ.

ಹ್ಯಾನ್‌ಕಾಕ್‌ನಲ್ಲಿ ಈ ತೊಂದರೆ ಇನ್ನೂ ತೀವ್ರ. ತೂಗುವಿಕೆ ಅತಿ ಹೆಚ್ಚಿರುವ ಮೇಲರ್ಧದಲ್ಲೇ ಮನೆಗಳನ್ನು ಇಟ್ಟಿದ್ದಾರೆ. ಬೆಳಕಿನ ಆಳ, ನೋಟ, ಬಾಡಿಗೆ ಎಲ್ಲವೂ ಮನೆಗಳನ್ನು ಮೇಲಕ್ಕೆ ಕಳಿಸಿದವು, ಗಾಳಿಯೊಂದೇ ಬೇಡವೆಂದಿತು. 1960ರ ದಶಕದಲ್ಲಿ ಖಾನ್ ಮುಂದೆ ಮೇಲೆ ಹೇಳಿದಂಥ ಮಿತಿಗಳ ಪಟ್ಟಿ ಇರಲಿಲ್ಲ. ಎಷ್ಟಕ್ಕೆ ಜನ ಗಾಬರಿಯಾಗುತ್ತಾರೆ ಎಂದು ಕೇಳಿದರೆ ಹೇಳುವವರಿರಲಿಲ್ಲ.

ಅವರು ಹುಡುಕಿಕೊಂಡ ಪ್ರಯೋಗಶಾಲೆ ಶಿಕಾಗೊದ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂ. ಅಲ್ಲಿ ವಾಷಿಂಗ್ ಮೆಷಿನ್ ಕಂಪನಿಯೊಂದರ ಪ್ರದರ್ಶನದಲ್ಲಿ ಜನರನ್ನು ಹೊತ್ತು ಮೆಲ್ಲಗೆ ತಿರುಗುವ ವೇದಿಕೆಯೊಂದಿತ್ತು. ಅದರ ಮೇಲೆ ಕೆಲವರನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ವೇದಿಕೆಯನ್ನು ಅಲುಗಿಸಿ, ಯಾವ ಹಂತದಲ್ಲಿ ಗೊತ್ತಾಯಿತು ಎಂದು ಕೇಳುತ್ತಾ ಹೋದರು. ನೂರು ಮಹಡಿಯ ಕಟ್ಟಡದ ಲೆಕ್ಕಕ್ಕೆ ಬಟ್ಟೆ ಒಗೆಯುವ ಯಂತ್ರದ ಜಾಹೀರಾತು ವೇದಿಕೆ! ಇಂದಿನ ಅಳತೆಯಲ್ಲಿ ಅದು ಒರಟು ಪ್ರಯೋಗ. ಆದರೆ ಪ್ರಶ್ನೆ ಸರಿಯಾಗಿತ್ತು: ಉಕ್ಕಿಗೆ ಎಷ್ಟು ಸಹ್ಯ ಎಂದಲ್ಲ, ಮಲಗಿದವನಿಗೆ ಎಷ್ಟು ಸಹ್ಯ ಎಂಬುದು. ಮುಂದೆ ಈ ಮಿತಿಗಳ ಬಗ್ಗೆ ದೊಡ್ಡ ಶಾಸ್ತ್ರವೇ ಬೆಳೆಯಿತು.

ನೆಲದಡಿಯಲ್ಲಿ

ಶಿಕಾಗೊದ ನೆಲ ಗೋಪುರ ಕಟ್ಟುವವರಿಗೆ ಅನುಕೂಲದ್ದಲ್ಲ. ಹಿಮನದಿಗಳು ಬಿಟ್ಟುಹೋದ ಮೆತ್ತನೆಯ ಜೇಡಿ, ಅದರ ಕೆಳಗೆ ಗಟ್ಟಿ ಪದರ, ಇನ್ನೂ ಕೆಳಗೆ ಸುಣ್ಣದ ಜಾತಿಯ ಬಂಡೆ. ದೊಡ್ಡ ಭಾರವನ್ನು ಆ ಬಂಡೆಯವರೆಗೆ ಇಳಿಸಬೇಕು. ಅದಕ್ಕೆ ಅಲ್ಲಿನವರ ಉಪಾಯ ಕೇಸನ್: ಬಾವಿಯಂತೆ ಗುಂಡಗೆ ಕೊರೆದು ಕಾಂಕ್ರೀಟ್ ತುಂಬಿದ ಕಂಬ. ಹ್ಯಾನ್‌ಕಾಕ್‌ನ ಕೇಸನ್‌ಗಳಲ್ಲಿ ಅತಿ ಆಳದ್ದು 191 ಅಡಿ, ಸುಮಾರು 58 ಮೀಟರ್ ಇಳಿದಿದೆ. ಹದಿನೈದು ಮಹಡಿಯ ಮನೆಯನ್ನು ತಲೆಕೆಳಗಾಗಿ ಹೂತಂತೆ.

ಈ ಕೆಲಸದ ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಕೊರೆದ ಬಾವಿಯ ಗೋಡೆ ಕುಸಿಯದಂತೆ, ನೀರು ನುಗ್ಗದಂತೆ ಒಳಗೆ ಉಕ್ಕಿನ ಕೊಳವೆ ಇಳಿಸುತ್ತಾರೆ. ಕಾಂಕ್ರೀಟ್ ಸುರಿಯುತ್ತಾ ಆ ಕೊಳವೆಯನ್ನು ನಿಧಾನವಾಗಿ ಮೇಲೆಳೆದು ತೆಗೆಯುತ್ತಾರೆ, ಇನ್ನೊಂದು ಬಾವಿಗೆ ಬೇಕಲ್ಲ. ಕಾಂಕ್ರೀಟ್ ಇನ್ನೂ ಹರಿಯುವಂತಿದ್ದು, ಕೊಳವೆಯ ಕೆಳ ಅಂಚಿನ ಮೇಲೆ ಸಾಕಷ್ಟು ತುಂಬಿಕೊಂಡಿದ್ದರೆ ಕೊಳವೆ ಬಿಟ್ಟ ಜಾಗಕ್ಕೆ ತಾನೇ ಹರಡಿಕೊಳ್ಳುತ್ತದೆ. ಆದರೆ ಅದು ಸ್ವಲ್ಪ ಬಿಗಿಯಲು ಶುರುವಾಗಿದ್ದರೆ, ಅಥವಾ ಕೊಳವೆಯ ಗೋಡೆಗೆ ಕಚ್ಚಿಕೊಂಡಿದ್ದರೆ, ಕೊಳವೆಯ ಜೊತೆಗೆ ಕಾಂಕ್ರೀಟೂ ಮೇಲೆ ಬರುತ್ತದೆ. ಕೆಳಗೆ ಒಂದು ಖಾಲಿ ಜಾಗ ಬಾಯಿ ತೆರೆಯುತ್ತದೆ. ಸುತ್ತಲಿನ ಕೆಸರು ಆ ಬಾಯಿಗೆ ನುಗ್ಗುತ್ತದೆ. ಮೇಲೆ ನಿಂತ ಮೇಸ್ತ್ರಿಗೆ ಕಾಣುವುದು ತುಂಬಿದ ಬಾವಿ, ಸಮತಟ್ಟಾದ ಕಾಂಕ್ರೀಟ್. ಕಂಬದ ನಡುವೆ ಮಣ್ಣಿನ ತುತ್ತು ಸಿಕ್ಕಿಕೊಂಡದ್ದು ಯಾರಿಗೂ ತಿಳಿಯುವುದಿಲ್ಲ.

ಹ್ಯಾನ್‌ಕಾಕ್‌ನಲ್ಲಿ ಆದದ್ದು ಇದೇ. ಉಕ್ಕಿನ ಚೌಕಟ್ಟು ಮೇಲೇರುತ್ತಿದ್ದಾಗ ತಳಪಾಯ ಲೆಕ್ಕಕ್ಕಿಂತ ಹೆಚ್ಚು ಇಳಿಯುತ್ತಿರುವುದು ಸರ್ವೆಯಲ್ಲಿ ಸಿಕ್ಕಿತು. ಇಡೀ ಕಟ್ಟಡದ ಸಣ್ಣದೊಂದು ಪಾಲು ಭಾರ ಮಾತ್ರ ಆಗ ಮೇಲಿತ್ತು. ಕೆಲಸ ನಿಂತಿತು. ಒಂದು ಕೇಸನ್ ಕೆಟ್ಟಿದೆ ಎಂದರೆ ಉಳಿದವು ಸರಿಯಿವೆ ಎಂದು ಯಾವ ಬಾಯಿಂದ ಹೇಳುವುದು? ಎಲ್ಲವನ್ನೂ ಪರೀಕ್ಷಿಸಬೇಕಾಯಿತು. ಮೇಲಿನಿಂದ ಉದ್ದಕ್ಕೂ ಕೊರೆದು ಕಾಂಕ್ರೀಟಿನ ತುಂಡು ಹೊರತೆಗೆದು ನೋಡಿದರು, ಶಬ್ದದ ಅಲೆ ಕಳಿಸಿ ಅದು ಎಲ್ಲಿ ತಡವರಿಸುತ್ತದೆ ಎಂದು ಅಳೆದರು. ಕೆಟ್ಟವನ್ನು ದುರಸ್ತಿ ಮಾಡಿದರು. ತಿಂಗಳುಗಟ್ಟಲೆ ಹೋಯಿತು.

ಕಟ್ಟಡ ಎಷ್ಟು ಇಳಿಯಿತೆಂದು ಲೆವೆಲ್ ಓದಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಸೈಟಿನಲ್ಲಿ ಯಾರೂ ದೊಡ್ಡದೆಂದು ಭಾವಿಸುವುದಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಆ ಪುಸ್ತಕ ಕೊಟ್ಟು ಕಳಿಸುತ್ತಾರೆ. ಈ ಕಟ್ಟಡವನ್ನು ಉಳಿಸಿದ್ದು ಅಂಥ ಓದುಗಳೇ. ಇನ್ನೂ ಐವತ್ತು ಮಹಡಿ ಏರಿದ ಮೇಲೆ ಗೊತ್ತಾಗಿದ್ದರೆ ಕೇಸನ್‌ನ ತಲೆಗೆ ಕೊರೆಯುವ ಯಂತ್ರ ಇಳಿಸಲೂ ಜಾಗವಿರುತ್ತಿರಲಿಲ್ಲ.

ಎರಡು ಗೋಪುರಗಳಾಗಿದ್ದರೆ? 45 ಮಹಡಿಯ ಆಫೀಸನ್ನು ಮೊದಲು ಮುಗಿಸಿ ಬಾಡಿಗೆ ಎಣಿಸುತ್ತಾ, ಇನ್ನೊಂದರ ಪಾಯ ಸರಿಮಾಡಿಕೊಳ್ಳಬಹುದಿತ್ತು. ಒಂದೇ ಗೋಪುರದಲ್ಲಿ ಆ ಅವಕಾಶವಿಲ್ಲ. ಕೆಳಗಿನದು ಮುಗಿಯದೆ ಮೇಲಿನದಿಲ್ಲ, ಮೇಲಿನದು ಏರುತ್ತಿರುವಾಗ ಕೆಳಗಿನದನ್ನು ನೆಮ್ಮದಿಯಿಂದ ಬಾಡಿಗೆಗೆ ಬಿಡುವಂತಿಲ್ಲ. ಸಾಲದ ಬಡ್ಡಿಗೆ ಮಾತ್ರ ಕೇಸನ್ ದುರಸ್ತಿಯ ಪರಿವೆಯಿಲ್ಲ, ದಿನದ ಲೆಕ್ಕದಲ್ಲಿ ಓಡುತ್ತಲೇ ಇರುತ್ತದೆ. ವೋಲ್ಮನ್ ಬೇರೆ ಕಡೆಗಳಲ್ಲೂ ಸಾಲದ ಮೇಲೆ ಸಾಲ ಮಾಡಿ ಹರಡಿಕೊಂಡಿದ್ದವರು. ಈ ನಿಲುಗಡೆ ಅವರ ಬುಡವನ್ನೇ ಅಲುಗಿಸಿತು. ಯೋಜನೆ ಕೈತಪ್ಪಿ ಸಾಲ ಕೊಟ್ಟ ವಿಮಾ ಕಂಪನಿಯ ಪಾಲಾಯಿತು, ವೋಲ್ಮನ್ ದಿವಾಳಿಯಾದರು, 1969ರಲ್ಲಿ ಫುಟ್‌ಬಾಲ್ ತಂಡವನ್ನೂ ಮಾರಿದರು. ಕಟ್ಟಡ ಅವರ ಹೆಸರಿನ ನೆನಪೂ ಇಲ್ಲದೆ ಮುಗಿಯಿತು.

ವಿನ್ಯಾಸದ ಪುಸ್ತಕಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿಯುತ್ತದೆ, ಎಕ್ಸ್‌ಗೆ ಹತ್ತು ಪುಟ. ನಾನಾದರೆ ಅದಲುಬದಲು ಮಾಡುತ್ತೇನೆ. ಓರೆಪಟ್ಟಿಯ ಲೆಕ್ಕವನ್ನು ಇಂದು ಕಂಪ್ಯೂಟರ್ ಹೇಳುತ್ತದೆ. ಕೊಳವೆ ಎಳೆಯುವಾಗ ಒಳಗೆ ಏನಾಯಿತು ಎಂಬುದನ್ನು ಈಗಲೂ ಅಳೆದೇ ತಿಳಿಯಬೇಕು.

ಪದರಗಳ ನಡುವೆ

ಜನ ಬಂದು ಸೇರಿದ ಮೇಲೆ ಮಿಶ್ರ ಬಳಕೆಯ ನಿಜವಾದ ಸಂಸಾರ ಶುರು. 44ನೇ ಮಹಡಿಯಲ್ಲಿ ಮನೆಯವರಿಗೆಂದು ಎರಡನೆಯ ಮುಂಬಾಗಿಲು. ನೆಲದಿಂದ ಎಕ್ಸ್‌ಪ್ರೆಸ್ ಲಿಫ್ಟಿನಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ಬೇರೆ ಲಿಫ್ಟು ಹಿಡಿದು ತಮ್ಮ ತಮ್ಮ ಮಹಡಿಗೆ ಹೋಗಬೇಕು. ಅದೇ ಮಹಡಿಯಲ್ಲಿ ಈಜುಕೊಳ, ದಿನಸಿ ಅಂಗಡಿ. ಅಲ್ಲಿಂದ 92ರವರೆಗೆ ಸುಮಾರು 700 ಮನೆಗಳು. ಮೋಡ ಕವಿದ ದಿನ ಮೇಲಿನ ಮನೆಯವರು ಕೆಳಗೆ ಕಾವಲಿನವರಿಗೆ ಫೋನ್ ಮಾಡಿ, ಕೆಳಗೆ ಮಳೆಯಿದೆಯೇ, ಕೊಡೆ ಬೇಕೇ ಎಂದು ಕೇಳುವುದುಂಟು.

ಈ ಅದಲುಬದಲು ಲಿಫ್ಟು ಕೇವಲ ಸೌಕರ್ಯವಲ್ಲ, ಅದಿಲ್ಲದಿದ್ದರೆ ಕಟ್ಟಡವೇ ಲೆಕ್ಕಕ್ಕೆ ಬಾರದು. ಪ್ರತಿ ಮನೆಯವರಿಗೂ ನೆಲದಿಂದ ನೇರ ಲಿಫ್ಟು ಕೊಟ್ಟರೆ ಅವುಗಳ ಶಾಫ್ಟುಗಳು ಆಫೀಸಿನ ಮಹಡಿಗಳನ್ನು ತೂತಿನ ಜರಡಿ ಮಾಡುತ್ತವೆ. ಬೆಳಿಗ್ಗೆ ಆಫೀಸಿನವರು ಮೇಲೆ ಹೋಗುತ್ತಾರೆ, ಮನೆಯವರು ಕೆಳಗಿಳಿಯುತ್ತಾರೆ. ಒಂದೇ ಲಿಫ್ಟನ್ನು ಇಬ್ಬರಿಗೂ ಬಳಸಿದರೆ ಎಷ್ಟು ಉಳಿತಾಯ ಎಂದು ಮೊದಲ ಬಾರಿ ಲೆಕ್ಕ ಮಾಡುವವರಿಗೆ ಅನ್ನಿಸುತ್ತದೆ. ಯಾರೂ ಒಪ್ಪುವುದಿಲ್ಲ. ಲುಂಗಿಯಲ್ಲೋ ಈಜುಡುಗೆಯಲ್ಲೋ ಇಳಿಯುವವನು ಸೂಟಿನವರ ಜೊತೆ ನಿಲ್ಲಲು ಬಯಸುವುದಿಲ್ಲ, ಅಪರಿಚಿತರು ಮನೆ ಬಾಗಿಲಿಗೆ ಬರುವುದೂ ಬೇಡ. ಹಾಗಾಗಿ ಅಂಗಡಿ, ಆಫೀಸು, ಮನೆ, ವೀಕ್ಷಣಾಲಯ ಎಲ್ಲಕ್ಕೂ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಲಿಫ್ಟು; ಒಟ್ಟು 50.

ಕೊಳಾಯಿಯದ್ದೂ ಇದೇ ಪಾಡು. ಮನೆಗಳಲ್ಲಿ ಬಚ್ಚಲು, ಅಡುಗೆಮನೆ ಮಹಡಿಯ ತುಂಬ ಹರಡಿರುತ್ತವೆ. ಆಫೀಸಿನಲ್ಲಿ ಶೌಚಾಲಯವೆಲ್ಲ ನಡುವೆ. ಮೇಲಿನ ನೂರಾರು ಮನೆಗಳ ಪೈಪುಗಳು ಆಫೀಸಿನ ತಾರಸಿಗೆ ಬಂದೊಡನೆ ಅಡ್ಡ ತಿರುಗಿ ನಡುವಿನ ಡಕ್ಟಿಗೆ ಸೇರಬೇಕು. ಎರಡು ಬಳಕೆಗಳ ನಡುವೆ ಯಂತ್ರಗಳಿಗೆಂದು ಒಂದೆರಡು ಮಹಡಿ ಬಿಡುವುದು ಇದಕ್ಕೇ. ನೀರಿನ ಒತ್ತಡ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಏರುತ್ತದೆ. ಒಂದೇ ಪೈಪಿನಲ್ಲಿ ತುದಿಯವರೆಗೆ ಏರಿಸಿದರೆ ಬುಡದಲ್ಲಿ 34 ವಾಯುಭಾರ, ನಲ್ಲಿ ತಿರುಗಿಸಿದವನ ಕೈಯೇ ಹೋದೀತು. ಹಂತಹಂತವಾಗಿ ಪಂಪ್ ಮಾಡಬೇಕು, ಹಂತಹಂತವಾಗಿ ಒತ್ತಡ ಇಳಿಸಬೇಕು.

1973ರಲ್ಲಿ ಬಾಡಿಗೆ ಮನೆಗಳನ್ನು ನಿವಾಸಿಗಳಿಗೇ ಮಾರಿದರು. ನಂತರದ ದಶಕಗಳಲ್ಲಿ ಆಫೀಸು, ಅಂಗಡಿ, ಪಾರ್ಕಿಂಗ್, ವೀಕ್ಷಣಾಲಯಗಳೂ ಬೇರೆ ಬೇರೆಯವರ ಕೈಗೆ ಹೋದವು. ಉಕ್ಕು ಒಂದೇ, ಗಾಜು ಒಂದೇ, ಮಾಲೀಕರು ಹಲವರು. 1999ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಕಾಲಕ್ಕೆ ನಿಂತ ಕಟ್ಟಡಗಳಿಗೆ ಕೊಡುವ ಇಪ್ಪತ್ತೈದು ವರ್ಷದ ಪ್ರಶಸ್ತಿಯನ್ನು ಇದಕ್ಕೆ ಕೊಟ್ಟಿತು. 2018ರಲ್ಲಿ ಜಾನ್ ಹ್ಯಾನ್‌ಕಾಕ್ ಕಂಪನಿ ತನ್ನ ಹೆಸರನ್ನು ಕಟ್ಟಡದಿಂದ ತೆಗೆಯುವಂತೆ ಕೇಳಿತು. ಈಗ ಅದರ ಅಧಿಕೃತ ಹೆಸರು ಬರೀ ವಿಳಾಸ, 875 ನಾರ್ತ್ ಮಿಷಿಗನ್ ಅವೆನ್ಯೂ. ಊರಿನವರು ಹ್ಯಾನ್‌ಕಾಕ್ ಎನ್ನುವುದನ್ನು ಬಿಟ್ಟಿಲ್ಲ.

ಅದೇ ವರ್ಷ ನವೆಂಬರ್ 16ರ ನಡುರಾತ್ರಿ ದಾಟಿದ ಮೇಲೆ, 95ನೇ ಮಹಡಿಯ ರೆಸ್ಟೊರೆಂಟಿನಿಂದ ಆರು ಜನ ಎಕ್ಸ್‌ಪ್ರೆಸ್ ಲಿಫ್ಟು ಹತ್ತಿದರು. ಇಳಿಯುವಾಗ ಲಿಫ್ಟಿನ ಹಗ್ಗಗಳಲ್ಲಿ ಒಂದು ತುಂಡಾಯಿತು. ಗಡಗಡ ಸದ್ದು, ಧೂಳು. ಲಿಫ್ಟು 11ನೇ ಮಹಡಿಯ ಹತ್ತಿರ ಬಂದು ನಿಂತಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಅಗ್ನಿಶಾಮಕದವರು ಬಂದರು, ಆದರೆ ತೆರೆಯಲು ಬಾಗಿಲೇ ಇರಲಿಲ್ಲ. ರೆಸ್ಟೊರೆಂಟಿಗೆ ಹೋಗುವ ಲಿಫ್ಟು ಮನೆಯವರ ಮಹಡಿಯಲ್ಲೂ ನಿಲ್ಲಬಾರದು, ಆಫೀಸಿನಲ್ಲೂ ನಿಲ್ಲಬಾರದು, ಪಾರ್ಕಿಂಗಿನಲ್ಲೂ ನಿಲ್ಲಬಾರದು ಎಂದೇ ಅದರ ಶಾಫ್ಟನ್ನು ಕುರುಡಾಗಿ ಕಟ್ಟಿದ್ದರು. ಹಗ್ಗದ ಸ್ಥಿತಿ ಗೊತ್ತಿಲ್ಲದೆ ಮೇಲಿನಿಂದ ಇಳಿಯುವುದೂ ಅಪಾಯ. ಕೊನೆಗೆ ಕಾರುಗಳು ನಿಂತಿದ್ದ ಮಹಡಿಗೆ ಹೋಗಿ, ಲಿಫ್ಟು ಎಲ್ಲಿರಬಹುದೆಂದು ಅಂದಾಜು ಮಾಡಿ, ಗೋಡೆಗೆ ತೂತು ಹೊಡೆದರು. ಸುಮಾರು ಮೂರು ತಾಸಿನ ಮೇಲೆ ಆರು ಜನರೂ ಆ ತೂತಿನಿಂದ ಒಬ್ಬೊಬ್ಬರಾಗಿ ಪಾರ್ಕಿಂಗಿಗೆ ಇಳಿದರು.